ಅಪ್‌ಡೇಟ್: ಲೈನ್‌ಮನ್ ತಮ್ಮನ ಮೇಲೆ ಹಲ್ಲೆ, ಕೊನೆಗೂ ಎಫ್‌ಐಆರ್ ಆಯ್ತು

ಬಿಲ್ ಬಾಕಿ ಇದ್ದ ಮನೆಯ ಕರೆಂಟ್ ಕಟ್ ಮಾಡಲು ಹೋದ ನನ್ನ ತಮ್ಮನಿಗೆ ಆ ಮನೆಯವರು ಹೊಡೆದರು, ಠಾಣೆಯಲ್ಲಿ ಬರೀ ಎನ್‌ಸಿಆರ್ (ಕೋರ್ಟ್ ಹೇಳದೆ ಪೊಲೀಸರು ತನಿಖೆ ಮಾಡದ ಸಣ್ಣ ಪ್ರಕರಣದ ದಾಖಲೆ) ಬರೆದುಕೊಂಡು ಕಳಿಸಿದರು, ಮುಂದೇನು ಅಂತ ಕೇಳಿದ್ದೆ ಅಲ್ವಾ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಎಸ್‌ಪಿಗೆ ಲಿಖಿತ ದೂರು ಕೊಟ್ಟ ಮೇಲೆ ಕೆಲಸ ಆಯ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 132 ಮತ್ತು 121(1) ಹಾಕಿದ್ದಾರೆ. ಮೊದಲನೆಯದು ಕರ್ತವ್ಯದಲ್ಲಿದ್ದವನ ಮೇಲೆ ಕೈ ಮಾಡಿದ್ದಕ್ಕೆ, 2 ವರ್ಷದವರೆಗೆ ಜೈಲು. ಎರಡನೆಯದು ಕೆಲಸ ತಡೆಯಲು ಗಾಯ ಮಾಡಿದ್ದಕ್ಕೆ, 5 ವರ್ಷದವರೆಗೆ. ಎರಡೂ ಜಾಮೀನುರಹಿತ. ಹಳೆಯ ಐಪಿಸಿಯಲ್ಲಿ ಇವೇ 353 ಮತ್ತು 332.

‘ಕರೆಂಟ್ ಕೊಡೋದು ಕಂಪನಿ, ಇವನು ಯಾವ ಸರ್ಕಾರಿ ನೌಕರ’ ಅಂತ ಅವರ ಕಡೆಯವರು ಜೋರು ವಾದ ಮಾಡಿದರು. ಆದರೆ ಸರ್ಕಾರಿ ಕಂಪನಿಯ ನೌಕರರೂ ಸಂಹಿತೆಯ 2(28)ರ ಪ್ರಕಾರ ಲೋಕಸೇವಕರೇ. ಹೇಳದೆ ಕೇಳದೆ ಕಟ್ ಮಾಡಿದ ಅನ್ನೋದು ಅವರ ಇನ್ನೊಂದು ಕಥೆ, ಅದೂ ನಿಲ್ಲಲಿಲ್ಲ, ಯಾಕಂದ್ರೆ 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಕೇಳುವ 15 ದಿನದ ಲಿಖಿತ ನೋಟಿಸ್ ಮೊದಲೇ ಕೊಟ್ಟಾಗಿತ್ತು, ಕಾಪಿ ನಮ್ಮ ಹತ್ತಿರವೇ ಇತ್ತು.

ಈಗ ಊರ ಹಿರಿಯರು ರಾಜಿ ಆಗಿ ಅಂತಿದ್ದಾರೆ. ಸುಮ್ನೆ ಕೂತು ಮಾತಾಡಿ ಮುಗಿಸುವ ಸೆಕ್ಷನ್‌ಗಳಲ್ಲ ಇವು. ತಮ್ಮ ಮತ್ತೆ ಡ್ಯೂಟಿಗೆ ಹೋಗ್ತಿದ್ದಾನೆ, ಚಾರ್ಜ್‌ಶೀಟ್ ಇನ್ನೂ ಬರಬೇಕು.