ಅಮ್ಮನ ಕಣ್ಣಿಗೆ ಚುಚ್ಚುವ ರೆಪ್ಪೆಕೂದಲು: ಮನೆಯಲ್ಲೇ ಕೀಳಬಹುದಾ?

ಹೊಲಿಗೆಮನೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮೂರು, ನಾನು ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಅಮ್ಮನಿಗೆ 71 ವರ್ಷ. ಬಲಗಣ್ಣಿನ ಕೆಳರೆಪ್ಪೆಯ ಕೂದಲು ಒಳಗೆ ತಿರುಗಿ ಗುಡ್ಡೆಗೆ ಚುಚ್ಚಲು ಶುರುವಾಗಿ ಎರಡು ವರ್ಷವಾಯಿತು. ಮರಳು ಬಿದ್ದ ಹಾಗೆ ಆಗುತ್ತದಂತೆ. ಸುಮ್ನೆ ಕೂತಿದ್ದರೂ ನೀರು ಸುರಿಯುತ್ತದೆ. ಬೆಳಿಗ್ಗೆ ಎದ್ದರೆ ಗೀಜು.

ತಿಂಗಳಿಗೊಮ್ಮೆ ನಾನೇ ಕೀಳುತ್ತೇನೆ. ಕಿಟಕಿ ಪಕ್ಕ ಚಾಪೆ ಹಾಸಿ, ಅಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡು, ಮುಳ್ಳು ತೆಗೆಯುವ ಚಿಮಟದಲ್ಲಿ. ಹೊಲಿಗೆಯವಳ ಕೈ, ನಡುಗುವುದಿಲ್ಲ. ಆದರೆ ಅಮ್ಮನ ರೆಪ್ಪೆಕೂದಲೂ ಈಗ ಬೆಳ್ಳಗಾಗಿದೆ. ಬಿಳಿ ಬಟ್ಟೆ ಮೇಲೆ ಬಿದ್ದ ಬಿಳಿ ದಾರ ಹುಡುಕಿದ ಹಾಗೆ, ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುತ್ತದೆ. ಕಿತ್ತ ತಕ್ಷಣ "ಹಾ, ಬದುಕಿದೆ ಮಾರಾಯ್ತಿ" ಅನ್ನುತ್ತಾಳೆ.

ಕಳೆದ ವಾರ ಒಂದು ಕೂದಲು ಬುಡದಿಂದ ಬರಲಿಲ್ಲ, ಅರ್ಧಕ್ಕೆ ತುಂಡಾಯಿತು. ಅವತ್ತಿನಿಂದ ಮೊದಲಿಗಿಂತ ಜಾಸ್ತಿ ಚುಚ್ಚುತ್ತಿದೆ. ಪಕ್ಕದ ಮನೆಯವರು ಹರಳೆಣ್ಣೆ ಬಿಡು ಅಂತಾರೆ. ತಮ್ಮ ಮೆಡಿಕಲ್ ಶಾಪಿನಿಂದ ಯಾವುದೋ ಡ್ರಾಪ್ಸ್ ತಂದಿಟ್ಟಿದ್ದಾನೆ, ಇನ್ನೂ ಬಿಟ್ಟಿಲ್ಲ. ಡಾಕ್ಟರ ಹತ್ತಿರ ಹೋಗೋಣ ಅಂದರೆ ಅಮ್ಮ "ಒಂದು ಕೂದಲಿಗೆ ಬಸ್ಸು ಹತ್ತಬೇಕಾ?" ಅನ್ನುತ್ತಾಳೆ. ಒಳ್ಳೆಯ ಚಿಮಟ ತಂದರೆ ಸಾಕಾಗುತ್ತಾ?

ಚಷ್ಮಾ ಮಾಮ

ತಂಗೀ, ಚಿಮಟ ಮೊದಲು ಕೆಳಗಿಡು. ನಾನು ಡಾಕ್ಟರಲ್ಲ. ಕಣ್ಣಾಸ್ಪತ್ರೆಯಲ್ಲಿ 22 ವರ್ಷ ದೃಷ್ಟಿ ಪರೀಕ್ಷೆ ಮಾಡುವ ಆಪ್ಟೊಮೆಟ್ರಿಸ್ಟ್ ಆಗಿದ್ದವನು. ನಿನ್ನ ಅಮ್ಮನಂಥವರನ್ನು ಬೇಕಾದಷ್ಟು ನೋಡಿದ್ದೇನೆ.

ತುಂಡಾದ ಕೂದಲು ಯಾಕೆ ಜಾಸ್ತಿ ಚುಚ್ಚುತ್ತದೆ ಅಂತ ನಿನಗೇ ಗೊತ್ತಿರಬೇಕು. ನೈಲಾನ್ ದಾರ ಕತ್ತರಿಸಿದ ತುದಿ ಬ್ಲೌಸಿನ ಒಳಗೆ ಹೇಗೆ ಚುಚ್ಚುತ್ತದೆ? ಹಾಗೇ ಇದು. ಉದ್ದ ಕೂದಲು ಬಾಗುತ್ತದೆ, ಗುಡ್ಡೆ ಮೇಲೆ ಮಲಗುತ್ತದೆ. ಮೋಟು ಕೂದಲು ಬಾಗುವುದಿಲ್ಲ, ನೆಟ್ಟಗೆ ನಿಲ್ಲುತ್ತದೆ. ಅದಕ್ಕೇ ಕತ್ತರಿಯಲ್ಲಿ ಕತ್ತರಿಸುವುದಂತೂ ಬೇಡವೇ ಬೇಡ. ಬುಡದಿಂದ ಸರಿಯಾಗಿ ಕಿತ್ತರೂ ಒಂದೂವರೆ ಎರಡು ತಿಂಗಳಲ್ಲಿ ಮತ್ತೆ ಹುಟ್ಟುತ್ತದೆ.

ಇನ್ನೊಂದು ವಿಷಯ. ತಿರುಗಿರುವುದು ಕೂದಲೋ, ರೆಪ್ಪೆಯೋ? ಅಮ್ಮನಿಗೆ ಕಣ್ಣು ಗಟ್ಟಿಯಾಗಿ ಮುಚ್ಚಿ ಬಿಡಲು ಹೇಳು. ಬಿಟ್ಟ ತಕ್ಷಣ ಪಕ್ಕದಿಂದ ನೋಡು. ರೆಪ್ಪೆಯ ಅಂಚೇ ಒಳಗೆ ಮಡಚಿಕೊಂಡಿದ್ದರೆ ತಪ್ಪು ಕೂದಲಿನದಲ್ಲ. ವಯಸ್ಸಾದ ಮೇಲೆ ಕೆಳರೆಪ್ಪೆ ಇಲಾಸ್ಟಿಕ್ ಸಡಿಲವಾದ ಲಂಗದ ಹಾಗೆ ಆಗುತ್ತದೆ. ಆಗ ನೀನು ಎಷ್ಟು ಕೂದಲು ಕಿತ್ತರೂ ಅಷ್ಟೇ. ರೆಪ್ಪೆಯನ್ನು ಬಿಗಿ ಮಾಡಬೇಕು, ಅದಕ್ಕೆ ಸಣ್ಣ ಆಪರೇಷನ್. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್, ಸಾಮಾನ್ಯವಾಗಿ ಅವತ್ತೇ ಮನೆಗೆ. ರೆಪ್ಪೆ ಸರಿಯಿದ್ದು ನಾಲ್ಕೈದು ಕೂದಲು ಮಾತ್ರ ದಾರಿ ತಪ್ಪಿದ್ದರೆ ಕರೆಂಟಿನಿಂದ ಬುಡ ಸುಡುತ್ತಾರೆ, ಇಲ್ಲವೇ ತೀರಾ ತಣ್ಣಗೆ ಮಾಡಿ ಕೊಲ್ಲುತ್ತಾರೆ. ಒಂದೇ ಸಲಕ್ಕೆ ಮುಗಿಯದೆ ಮತ್ತೆ ಮಾಡಿಸಬೇಕಾಗಬಹುದು.

ತಮ್ಮ ತಂದ ಬಾಟಲಿಯ ಹೆಸರು ಓದು. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಅಂತ ಇದ್ದರೆ ಅದು ಸ್ಟಿರಾಯ್ಡ್. ಗೀರು ಬಿದ್ದ ಗುಡ್ಡೆಗೆ ಅದನ್ನು ಬಿಟ್ಟರೆ ಕೆಂಪು ಇಳಿಯುತ್ತದೆ, ವಾಸಿಯಾಯಿತು ಅಂತ ನೀವು ಖುಷಿಪಡುತ್ತೀರಿ, ಒಳಗೆ ಸೋಂಕು ಬೆಳೆಯುತ್ತಿರುತ್ತದೆ. ಹರಳೆಣ್ಣೆ, ಜೇನು, ತಾಯಿಹಾಲು, ಕಾಡಿಗೆ ಯಾವುದೂ ಬೇಡ. ಡಾಕ್ಟರ ಹತ್ತಿರ ಹೋಗುವವರೆಗೆ ಕಣ್ಣೀರಿನಂಥ ಡ್ರಾಪ್ಸ್ ಬಿಡಬಹುದು, ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇರುವುದು. ಕೆಳರೆಪ್ಪೆಯ ಚರ್ಮವನ್ನು ಸ್ವಲ್ಪ ಕೆನ್ನೆಯ ಕಡೆಗೆ ಎಳೆದು ಪೇಪರ್ ಟೇಪ್ ಅಂಟಿಸಿದರೆ ಕೂದಲು ಹೊರಗೆ ನಿಲ್ಲುತ್ತದೆ. ಮೇಕಪ್ಪಿನ ಹಾಗೆ ಕಾಣುವುದಿಲ್ಲ, ಆದರೆ ಕೆಲಸ ಮಾಡುತ್ತದೆ.

ನೋವು ಜಾಸ್ತಿಯಾದರೆ, ಬೆಳಕು ನೋಡಲಾಗದಿದ್ದರೆ, ಮಂಜಾದರೆ, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಕಂಡರೆ ನಾಳೆ ಅನ್ನಬೇಡ. ಅವತ್ತೇ ಹೋಗು.

ತೋಟದ ಮಂಜು

ಮಾಮ ಬಿಳಿ ಚುಕ್ಕೆ ಅಂದರಲ್ಲ, ನಮ್ಮಪ್ಪನಿಗೆ ಅದೇ ಆಗಿದ್ದು. ರೆಪ್ಪೆಕೂದಲು ಚುಚ್ಚುತ್ತಿತ್ತು, ತೋಟದಲ್ಲಿ ಸೋಗೆ ಬೇರೆ ತಾಗಿತು. ಅಂಗಡಿಯವರು ಕೊಟ್ಟ ಡ್ರಾಪ್ಸ್ ಎಂಟು ದಿನ ಬಿಟ್ಟೆವು. ಕೊನೆಗೆ ಫಂಗಸ್ ಅಂದರು. ಹುಣ್ಣು ಮಾಗಿತು, ಕಲೆ ಉಳಿಯಿತು. ಆ ಕಣ್ಣಲ್ಲಿ ಈಗ ಆವಿ ಹಿಡಿದ ಗಾಜಿನಾಚೆ ನೋಡಿದ ಹಾಗೆ ಕಾಣುತ್ತದಂತೆ. ಬಸ್ ಹತ್ತಿಸಿ ಅಕ್ಕ.

ಬೀದರ್ ಹುಡುಗಿ

ನಮ್ಮಜ್ಜಿಗೂ ಹೀಗೇ ಇತ್ತು, ಆದರೆ ಮೇಲ್ರೆಪ್ಪೆ. ಡಾಕ್ಟರ್ ರೆಪ್ಪೆ ಮಗುಚಿ ನೋಡಿ ಒಳಗೆ ಹಳೆಯ ಗಾಯದ ಗೆರೆ ಇದೆ, ಚಿಕ್ಕಂದಿನಲ್ಲಿ ಮತ್ತೆ ಮತ್ತೆ ಟ್ರಕೋಮಾ ಅನ್ನುವ ಅಂಟು ಕಣ್ಣುರೋಗ ಬಂದಿರಬೇಕು ಅಂದರು. ಆ ಗಾಯ ಬಿಗಿದುಕೊಂಡು ರೆಪ್ಪೆಯನ್ನು ಒಳಗೆಳೆಯುತ್ತದಂತೆ. ದೇಶದ ಮಟ್ಟದಲ್ಲಿ ಟ್ರಕೋಮಾ ಈಗ ದೊಡ್ಡ ಸಮಸ್ಯೆಯಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಅಜ್ಜಿ ಕಣ್ಣಿಗೆ ಅದನ್ನು ಯಾರು ಹೇಳಬೇಕು!

ಮಾಮ, ನನಗೆ ರೆಪ್ಪೆ ಬುಡದಲ್ಲಿ ಹೊಟ್ಟಿನ ಥರ ಬರುತ್ತದೆ. ಮುಂದೆ ನನಗೂ ತಿರುಗುತ್ತಾ?

ಚಷ್ಮಾ ಮಾಮ

ಹಾಗೇ ವರ್ಷಗಟ್ಟಲೆ ಬಿಟ್ಟರೆ ಕೂದಲು ದಾರಿ ತಪ್ಪಬಹುದಮ್ಮ. ಉಗುರು ಬೆಚ್ಚಗಿನ ಒದ್ದೆ ಬಟ್ಟೆ ಕಣ್ಣು ಮುಚ್ಚಿ ಐದು ನಿಮಿಷ ಇಡು, ಆಮೇಲೆ ರೆಪ್ಪೆಯ ಅಂಚನ್ನು ಮೆಲ್ಲಗೆ ಒರೆಸು. ದಿನಾ. ಉಜ್ಜುವ ಚಟ ಇದ್ದರೆ ಬಿಡು. ಒಮ್ಮೆ ತೋರಿಸು.

ಹೊಲಿಗೆಮನೆ

ಹೋಗಿ ಬಂದೆವು. ಡಾಕ್ಟರ್ ಕಿತ್ತಳೆ ಬಣ್ಣದ ಸಣ್ಣ ಕಾಗದದ ಪಟ್ಟಿ ರೆಪ್ಪೆಗೆ ತಾಗಿಸಿ, ನೀಲಿ ಬೆಳಕು ಬಿಟ್ಟು, ನನ್ನನ್ನೂ ಕರೆದು ತೋರಿಸಿದರು. ಗುಡ್ಡೆಯ ಕೆಳಭಾಗದಲ್ಲಿ ಹಸಿರು ಗೀರುಗಳು, ಬೆಕ್ಕು ಪರಚಿದ ಹಾಗೆ ಉದ್ದಕ್ಕೆ. ನಾನು ಏನೂ ಉಳಿದಿಲ್ಲ ಅಂದುಕೊಂಡಿದ್ದ ಜಾಗದಲ್ಲಿ ಮೂರು ಮೋಟು ಕೂದಲು. ನನ್ನದೇ ಕೈಕೆಲಸ.

ಮಾಮ ಹೇಳಿದ ಹಾಗೆ ರೆಪ್ಪೆಯೇ ಮಡಚಿದೆಯಂತೆ. ಮೋಟು ಕೂದಲು ತೆಗೆದು ಆ್ಯಂಟಿಬಯೋಟಿಕ್ ಡ್ರಾಪ್ಸ್ ಕೊಟ್ಟಿದ್ದಾರೆ. ಮುಂದಿನ ತಿಂಗಳು ಆಪರೇಷನ್. ಅಲ್ಲಿವರೆಗೆ ಟೇಪ್. ಬಸ್ಸಲ್ಲಿ ಯಾರೋ "ಏನಾಯ್ತು ಅಮ್ಮಾ, ಬಿದ್ರಾ?" ಅಂದರೆ "ಇಲ್ಲ, ಮಗಳು ಟಾಕಾ ಹಾಕಿದಾಳೆ" ಅಂದಳು. ತಮ್ಮನ ಬಾಟಲಿಯಲ್ಲಿ ಡೆಕ್ಸಾಮೆಥಾಸೋನ್ ಇತ್ತು, ಎಸೆದೆ.

ಒಂದು ಅನುಮಾನ. ಆಗ ಅಡಿಕೆ ಬೇಯಿಸುವ ಸಮಯ. ಅಮ್ಮ ಒಲೆ ಮುಂದೆ ಕೂರದೆ ಇರುವವಳಲ್ಲ. ಎಷ್ಟು ದಿನ ತಡೆಯಬೇಕು?

ಚಷ್ಮಾ ಮಾಮ

ಹೊಲಿಗೆ ಒಣಗುವವರೆಗೆ ಹೊಗೆ, ಧೂಳು, ಬಗ್ಗಿ ಭಾರ ಎತ್ತುವುದು ಬೇಡ. ದಿನದ ಲೆಕ್ಕ ಡಾಕ್ಟರೇ ಹೇಳಬೇಕು. ಅಮ್ಮ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಈಗಲೇ ಅವರಿಗೆ ತಿಳಿಸು, ನೀವಾಗೇ ನಿಲ್ಲಿಸಬೇಡಿ. ಅಡಿಕೆ ಹಂಡೆ ಮುಂದೆ ಈ ಸಲ ತಮ್ಮನನ್ನು ಕೂರಿಸು.