ಅಲೋರ್-ಪಂತಾರ್ ಪದಪಟ್ಟಿ: ಅಬುಯಿ ಭಾಷೆ ಗುಂಪಿನ ಹೊರಗೆ ಬೀಳುತ್ತಿದೆ, ಯಾಕೆ?

ಪದಸಂಚಿ:
ಇಂಡೋನೇಷ್ಯಾದ ಅಲೋರ್, ಪಂತಾರ್ ದ್ವೀಪಗಳ ಪಾಪುವನ್ ಭಾಷೆಗಳನ್ನು (ನ್ಯೂಗಿನಿ ಸುತ್ತಮುತ್ತಲಿನ, ಆಸ್ಟ್ರೋನೇಷಿಯನ್ ಕುಟುಂಬಕ್ಕೆ ಸೇರದ ಭಾಷೆಗಳು) ಹೋಲಿಸುತ್ತಿದ್ದೇನೆ. ಒಂದೇ ಥರ ಕೇಳಿಸುವ ಪದಗಳನ್ನು ಎಣಿಸಿ ಗುಂಪು ಮಾಡಿದೆ. ಪಂತಾರಿನ ತೇಯ್ವಾ, ಕಾಯೆರಾ ಒಟ್ಟಿಗೆ ಬಂದವು. ಅಲೋರಿನ ಅಬುಯಿ ಹೊರಗೇ ಉಳಿಯಿತು. ಹಂದಿಗೆ ತೇಯ್ವಾದಲ್ಲಿ ‘ಬಾಯ್’, ಕಾಯೆರಾದಲ್ಲಿ ‘ಬೆಯ್’, ಅಬುಯಿಯಲ್ಲಿ ‘ಫೆ’. ಪದದ ಮುಂದೆ ಅಂಟುವ ‘ಹ-’ ಮಾತ್ರ ಎರಡೂ ಕಡೆ ಸಿಕ್ಕಿತು. ನೋಡಿದರೆ ತೇಯ್ವಾದಲ್ಲಿ ಅದು ‘ನಿನ್ನ’, ಅಬುಯಿಯಲ್ಲಿ ‘ಅವನ’! ಎಲ್ಲಿ ತಪ್ಪಿದೆ?

ಹಳೆಕಡತ:
ಪಟ್ಟಿ ಸರಿಯಾಗಿದೆ, ಎಣಿಸಿದ ರೀತಿ ತಪ್ಪು. ಕಿವಿಗೆ ಒಂದೇ ಥರ ಕೇಳಿಸಬೇಕಾಗಿಲ್ಲ, ವ್ಯತ್ಯಾಸ ಪ್ರತಿ ಸಲ ಒಂದೇ ರೀತಿ ಇರಬೇಕು. ನಮ್ಮ ‘ಹಂದಿ’ಯನ್ನೇ ನೋಡಿ. ಹಳಗನ್ನಡದಲ್ಲಿ ‘ಪಂದಿ’, ತುಳುವಿನಲ್ಲಿ ‘ಪಂಜಿ’. ಪಾಲ್–ಹಾಲು, ಪೂ–ಹೂವು ಜೊತೆಗಿಟ್ಟರೆ ನಂಟು ಗೊತ್ತಾಗುತ್ತದೆ ಅಲ್ವಾ?

ಈಗ ಅಡಿಕೆಗೆ ಏನಂತಾರೆ ನೋಡಿ. ತೇಯ್ವಾ ‘ಬುಯ್’, ಅಬುಯಿ ‘ಫು’. ಮತ್ತೆ ಬ–ಫ. ನಿಮ್ಮ ‘ಹ-’ ಗೊಂದಲವೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ತೇಯ್ವಾದಲ್ಲಿ ‘ಅವನ’ ಅನ್ನೋದು ‘ಗ-’. ಅಬುಯಿಯ ‘ಹ-’ಗೆ ಜೋಡಿ ಅದು. ‘ನಿನ್ನ’ ಅನ್ನೋದಕ್ಕೆ ಅಬುಯಿಯಲ್ಲಿ ಬರೀ ‘ಅ-’. ನೀವು ಹೊಂದಿಸಿದ ಎರಡು ‘ಹ-’ಗಳು ಬೇರೆ ಬೇರೆ ಬೇರಿನವು.

ಪದಸಂಚಿ:
ಓಹ್! ಅಲೋರಿನದೇ ಆದ ಕಮಾಂಗ್ ಭಾಷೆಯಲ್ಲೂ ಹಂದಿ ‘ಫೆ’. ಹಾಗಾದರೆ ಅಬುಯಿ, ಕಮಾಂಗ್ ಒಂದೇ ಕೊಂಬೆ ಅನ್ನಬಹುದಾ?

ಹಳೆಕಡತ:
ಅಷ್ಟಕ್ಕೇ ಅನ್ನಬೇಡಿ. ‘ಬ’ ‘ಫ’ ಆಗೋದು ಬೇರೆ ಬೇರೆ ಕಡೆ ತಾನಾಗಿಯೂ ನಡೆಯುತ್ತದೆ. ಇನ್ನೂ ಎರಡು ಮೂರು ಬದಲಾವಣೆಗಳು ಎರಡರಲ್ಲೂ ಸಿಗಬೇಕು.

ಎರವಲು ಪದಗಳ ಬಗ್ಗೆಯೂ ಜಾಗ್ರತೆ. ತೇಯ್ವಾದ ‘ಬತಾರ್’ ಅಂದರೆ ಮೆಕ್ಕೆಜೋಳ. ತಿಮೋರಿನ ತೆತುನ್ ಭಾಷೆಯಲ್ಲೂ ‘ಬತಾರ್’. ತೆತುನ್ ಆಸ್ಟ್ರೋನೇಷಿಯನ್ ಭಾಷೆ, ಅಂದರೆ ಬೇರೆಯೇ ಕುಟುಂಬದ್ದು; ಪದದ ಬೇರು ಆ ಕುಟುಂಬದ್ದು. ಇಂಥವನ್ನು ಲೆಕ್ಕದಿಂದ ತೆಗೆಯಿರಿ.

ತಿಮೋರಿನದೇ ಆದರೂ ಬುನಾಕ್ ಪಾಪುವನ್ ಭಾಷೆ, ಅದನ್ನು ಖಂಡಿತ ಸೇರಿಸಿ. ಅಲ್ಲೂ ‘ನನ್ನ’ ಅನ್ನೋದಕ್ಕೆ ‘ನ್-’, ‘ಅವನ’ ಅನ್ನೋದಕ್ಕೆ ‘ಗ್-’.

ಪದಸಂಚಿ:
ಇಡೀ ಗುಂಪನ್ನು ನ್ಯೂಗಿನಿ ದ್ವೀಪದ ದೊಡ್ಡ ಭಾಷಾಕುಟುಂಬವಾದ ಟ್ರಾನ್ಸ್-ನ್ಯೂಗಿನಿಯ ಕೆಳಗೆ ಹಾಕಲಾ?

ಹಳೆಕಡತ:
ಭಾಷಾವಿಜ್ಞಾನಿ ಮ್ಯಾಲ್ಕಮ್ ರಾಸ್ 2005ರಲ್ಲಿ ಸರ್ವನಾಮಗಳನ್ನು ನೋಡಿ ಹಾಗೆ ಸೇರಿಸಿದ್ದರು. ಆದರೆ ‘ನ’ದಂಥ ಒಂದೆರಡು ಚಿಕ್ಕ ದನಿಗಳು ಸುಮ್ನೆ ಆಕಸ್ಮಿಕವಾಗಿಯೂ ಹೊಂದುತ್ತವೆ. ನಿಮ್ಮ ಪಟ್ಟಿಯಲ್ಲಿ ‘ತಿಮೋರ್-ಅಲೋರ್-ಪಂತಾರ್’ ಅಂತ ಬೇರೆಯಾಗಿಯೇ ಇಡಿ.

ಪದಸಂಚಿ:
ಹಾಗೇ ಇಟ್ಟೆ. ಬ–ಫ, ಗ–ಹ ಜೋಡಿಗಳನ್ನು ಗುರುತು ಹಾಕಿ ಮತ್ತೆ ಎಣಿಸಿದೆ, ಅಬುಯಿ ಗುಂಪಿನ ಒಳಗೆ ಬಂತು. ತುಂಬಾ ಥ್ಯಾಂಕ್ಸ್ ಸರ್.