ಸಹಾಯ ಬೇಕು: 1978ರ ಫೋಕ್ಸ್‌ವ್ಯಾಗನ್ ಕ್ಯಾಂಪರ್‌ನ ಒಳಾಂಗಣ ದುರಸ್ತಿ

ಜರ್ಮನಿಯಲ್ಲಿರುವ ಕನ್ನಡಿಗರಲ್ಲಿ ಮರಗೆಲಸ ಬಲ್ಲವರು ಯಾರಾದರೂ ಇದ್ದೀರಾ? ಸ್ಟುಟ್‌ಗಾರ್ಟ್ ಹತ್ತಿರ ನನ್ನ ಬಳಿ 1978ರ ಫೋಕ್ಸ್‌ವ್ಯಾಗನ್ ಟಿ2 ಇದೆ, ಒಳಗೇ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಪ್ರವಾಸಿ ವ್ಯಾನ್. ಒಳಗಿನ ಸಜ್ಜು ವೆಸ್ಟ್‌ಫಾಲಿಯಾ ಕಂಪನಿಯದು. ಎಂಜಿನ್ ಗಟ್ಟಿಮುಟ್ಟಾಗಿದೆ, ಅದರ ಗೊಡವೆ ಬೇಡ. ತೊಂದರೆಯೆಲ್ಲ ಒಳಗೆ.

ಮೇಲೆತ್ತುವ ಛಾವಣಿಯ ರಬ್ಬರ್ ಪಟ್ಟಿ ಸೀಳಿ, ಮಳೆನೀರು ವರ್ಷಗಟ್ಟಲೆ ಒಳಗಿಳಿದಿದೆ. ಸಿಂಕ್ ಇರುವ ಕಪಾಟಿನ ಬುಡದಲ್ಲಿ ಪ್ಲೈವುಡ್ ಪದರ ಪದರವಾಗಿ ಬಿಚ್ಚಿಕೊಂಡಿದೆ. ಬೆರಳಿನಿಂದ ಒತ್ತಿದರೆ ಹಿಟ್ಟಿನಂತೆ ಉದುರುತ್ತದೆ. ಮೇಲಿನ ಲ್ಯಾಮಿನೇಟ್ ಮಾತ್ರ ಏನೂ ಆಗಿಲ್ಲವೆಂಬಂತೆ ಹೊಳೆಯುತ್ತಿದೆ! ಅದನ್ನು ಒಡೆಯದೆ ಬಿಡಿಸಿ ಹೊಸ ಹಲಗೆಗೆ ಅಂಟಿಸಬಹುದೇ? ಬಿಸಿಗಾಳಿ ಹಾಯಿಸಿದರೆ ಹಳೆಯ ಅಂಟು ಸಡಿಲವಾಗುತ್ತದೆ ಎನ್ನುತ್ತಾರೆ, ಆದರೆ ಅಂಚು ಸಿಡಿಯುವ ಭಯ. ಹಲಗೆಗೆ ಬರ್ಚ್ ಪ್ಲೈವುಡ್ ಒಳ್ಳೆಯದೋ, ಹಗುರವಾದ ಪಾಪ್ಲರ್ ಸಾಕೋ?

ಎಲ್ಲವನ್ನೂ ಕಿತ್ತು ಹೊಸದು ಮಾಡಿಸಿ ಎಂದು ದಯವಿಟ್ಟು ಹೇಳಬೇಡಿ. 30 ವರ್ಷ ದಾಟಿದ ವಾಹನಗಳಿಗೆ ಇಲ್ಲಿ ಸಿಗುವ ‘ಎಚ್’ ನಂಬರ್ ಪ್ಲೇಟಿಗೆ ಮೂಲ ಸ್ವರೂಪ ಉಳಿದಿರಬೇಕು. ಆ ನಿಯಮ ಇಲ್ಲದಿದ್ದರೂ, ಆ ಕಾಲದ ಚೌಕುಳಿ ಬಟ್ಟೆಯನ್ನು ಬಿಸಾಡಲು ನನಗೆ ಮನಸ್ಸು ಬಾರದು. ಬಿಡಿಸಿದರೆ ಹಾಸಿಗೆಯಾಗುವ ಹಿಂಬದಿಯ ಸೀಟಿನಲ್ಲಿ ಸ್ಪಂಜು ಪುಡಿಯಾಗಿದೆ, ಬಟ್ಟೆ ಚೆನ್ನಾಗಿದೆ. ಹೊದಿಕೆ ಬಿಚ್ಚಿ ಒಳಗಿನದನ್ನಷ್ಟೇ ಬದಲಿಸಿಕೊಡುವ ಕುಶನ್ ಕೆಲಸದವರು ಗೊತ್ತಿದ್ದರೆ ತಿಳಿಸಿ.

ಗ್ಯಾಸ್ ಒಲೆಯ ಕೊಳವೆಗಳನ್ನು ಪರವಾನಗಿ ಇರುವವರಿಂದಲೇ ಮಾಡಿಸುತ್ತೇನೆ, ಅಲ್ಲಿ ಪ್ರಯೋಗ ಸಲ್ಲದು. ಕಪಾಟಿನ ಫೋಟೊಗಳನ್ನು ಕೆಳಗೆ ಹಾಕಿದ್ದೇನೆ. ಛಾವಣಿಯ ರಬ್ಬರ್ ಬದಲಿಸಿದ ಅನುಭವ ಇರುವವರು ಮೊದಲು ಬರೆಯಿರಿ. ಸೋರುವುದು ನಿಲ್ಲದೆ ಮರಗೆಲಸಕ್ಕೆ ಕೈ ಹಾಕುವಂತಿಲ್ಲ.